ಬಡಕಲು ನದಿಯ ದೊಡ್ಡ ನೆರೆ

ತ್ರಾಸಿಯಿಂದ ಮರವಂತೆಯ ಕಡೆಗೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 66ರ ಪಡುವಣಕ್ಕೆ ಅರಬ್ಬಿ ಸಮುದ್ರ, ಮೂಡಣಕ್ಕೆ ಸೌಪರ್ಣಿಕಾ. ಪ್ರವಾಸಿಗರು ಗಾಡಿ ನಿಲ್ಲಿಸಿ ಫೋಟೊ ತೆಗೆಯುವ ಜಾಗ ಇದು. ನೀರಿನ ಲೆಕ್ಕ ಹಿಡಿಯುವವರಿಗೆ ಬೇರೆಯೇ ಕಾರಣಕ್ಕೆ ಸೋಜಿಗ. ಕಡಲಿಗೆ ಕಲ್ಲೆಸೆತದ ದೂರಕ್ಕೆ ಬಂದ ಹೊಳೆ ಅಲ್ಲಿ ಕಡಲನ್ನು ಸೇರುವುದೇ ಇಲ್ಲ. ತೆಂಕಕ್ಕೆ ತಿರುಗಿ ಗಂಗೊಳ್ಳಿಯ ತನಕ ಹೋಗಿ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಹೊಳೆಗಳ ಜೊತೆ ಪಂಚಗಂಗಾವಳಿಯಾಗಿ ಅಳಿವೆ ದಾಟುತ್ತದೆ.

ಸೌಪರ್ಣಿಕಾ ಹುಟ್ಟುವ ಕೊಡಚಾದ್ರಿಯ ಎತ್ತರ 1,343 ಮೀಟರ್. ಅಲ್ಲಿಂದ ಮರವಂತೆಗೆ ನೇರ ಗೆರೆ ಎಳೆದರೆ ಮೂವತ್ತು ಕಿಲೋಮೀಟರ್ ಆಸುಪಾಸು. ಇಷ್ಟು ಕಡಿಮೆ ದೂರದಲ್ಲಿ ಇಷ್ಟು ಎತ್ತರ ಇಳಿಯುವ ನೀರಿಗೆ ದಾರಿಯಲ್ಲಿ ತಂಗುವ ವ್ಯವಧಾನವಿಲ್ಲ. ಘಟ್ಟದಲ್ಲಿ ರಾತ್ರಿ ಸುರಿದ ಮಳೆ ನಾವುಂದದ ಸಾಲ್ಬುಡದಲ್ಲೋ ಪಡುಕೋಣೆಯ ಗದ್ದೆಗಳಲ್ಲೋ ಕಾಣಿಸಿಕೊಳ್ಳಲು ದಿನಗಳು ಬೇಕಿಲ್ಲ, ಗಂಟೆಗಳು ಸಾಕು. ಮಳೆ ಹೊಳವಾದರೆ ನೆರೆಯೂ ಹಾಗೆಯೇ ಬೇಗ ಇಳಿಯುತ್ತದೆ. ಆದರೆ ಆ ಹೊತ್ತಿಗೆ ಅಳಿವೆಯಲ್ಲಿ ಭರತ ಇದ್ದರೆ ಕಡಲು ಬಾಗಿಲು ಹಾಕಿಕೊಂಡಿರುತ್ತದೆ, ಬಂದ ನೀರು ಕುದ್ರುಗಳ, ಅಂದರೆ ಹೊಳೆಯ ನಡುಗಡ್ಡೆಗಳ, ಸುತ್ತ ಕಾಯಬೇಕಾಗುತ್ತದೆ.

ಇಂಥ ಊರಿನಲ್ಲಿ ಹಿರಿಯರನ್ನು ಕೇಳಿ ನೋಡಿ: ನೆರೆ ಮುಂಚೆ ಹೆಚ್ಚಿತ್ತೋ, ಈಗ ಹೆಚ್ಚೋ? ಒಬ್ಬರು ಹಿಂದಿನ ನೆರೆಯ ಮುಂದೆ ಇಂದಿನದು ಏನೂ ಅಲ್ಲ ಎನ್ನುತ್ತಾರೆ. ಇನ್ನೊಬ್ಬರು, ಹಿಂದೆ ಪುನರ್ವಸು, ಪುಷ್ಯದಲ್ಲಿ ಬರುತ್ತಿದ್ದ ನೆರೆ ಈಗ ಹೊತ್ತುಗೊತ್ತಿಲ್ಲದೆ ಬರುತ್ತದೆ ಎನ್ನುತ್ತಾರೆ. ಎರಡನೆಯವರ ಮಾತಿಗೆ ಸಾಕ್ಷಿಯೂ ಸಿಗುತ್ತದೆ. 2020ರ ಸೆಪ್ಟೆಂಬರ್ 20ರಂದು, ಮಳೆಗಾಲ ಮುಗಿಯಿತು ಎಂದು ಜನ ಅಂದುಕೊಳ್ಳುವ ಉತ್ತರೆ ಮಳೆಯ ದಿನಗಳಲ್ಲಿ, ಉಡುಪಿ ಜಿಲ್ಲೆಯಲ್ಲಿ ಒಂದೇ ದಿನ 300 ಮಿಲಿಮೀಟರ್ ದಾಟಿದ ಮಳೆ ಸುರಿಯಿತು. ಸ್ವರ್ಣಾ, ಸೀತಾ ಹೊಳೆಗಳು ದಂಡೆ ಮೀರಿದವು. ಹಾಗೆಂದು ಮೊದಲನೆಯವರ ಮಾತನ್ನು ತಳ್ಳಿಹಾಕುವಂತಿಲ್ಲ. ಸ್ವಲ್ಪ ತೆಂಕಕ್ಕೆ ಬಂಟ್ವಾಳದಲ್ಲಿ ನೇತ್ರಾವತಿಯ 1923ರ ಮತ್ತು 1974ರ ನೆರೆಗಳ ಮಾತು ಇವತ್ತಿಗೂ ಜನರ ಬಾಯಲ್ಲಿದೆ. ಇಬ್ಬರ ಮಾತೂ ನಿಜವಾಗಿರಬಹುದು. ಒಬ್ಬರು ನೆರೆಯ ಎತ್ತರದ ಬಗ್ಗೆ ಹೇಳುತ್ತಿದ್ದಾರೆ, ಇನ್ನೊಬ್ಬರು ಅದರ ಕಾಲದ ಬಗ್ಗೆ. ನದಿಯ ಅತಿಗಳು ಬದಲಾಗಿವೆಯೇ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು ಕೇಳಿದಾಗಲೂ ಉತ್ತರ ಹೀಗೆಯೇ ಕವಲೊಡೆಯುತ್ತದೆ. ಸಣ್ಣ ಹೊಳೆಯಲ್ಲಿ ಇಷ್ಟು ತೊಡಕಾದರೆ ಎರಡೂವರೆ ಲಕ್ಷ ಚದರ ಕಿಲೋಮೀಟರ್ ಜಲಾನಯನದ ಕತೆ ಏನು?

ಆ ಜಲಾನಯನ ಇಲ್ಲಿಂದ ದೂರವೇನಿಲ್ಲ. ಆಗುಂಬೆಯ ದಿಣ್ಣೆಯ ಮೇಲೆ ಬಿದ್ದ ಮಳೆ ಪಡುವಣಕ್ಕೆ ಇಳಿದರೆ ಸೀತಾ ಹೊಳೆಯಾಗಿ ಬ್ರಹ್ಮಾವರದ ಹಾದಿಯಲ್ಲಿ ಅರಬ್ಬಿ ಸಮುದ್ರ. ಮೂಡಣಕ್ಕೆ ಜಾರಿದರೆ ಮಾಲತಿ, ತುಂಗೆ, ಕೂಡ್ಲಿಯಲ್ಲಿ ಭದ್ರೆಯ ಸಂಗ, ಹೊಸಪೇಟೆಯ ಅಣೆಕಟ್ಟು, ಕರ್ನೂಲಿನ ಆಚೆ ಕೃಷ್ಣೆ, ಕೊನೆಗೆ ಬಂಗಾಳ ಕೊಲ್ಲಿ. ಒಂದೇ ಮೋಡದ ಮಳೆಯಲ್ಲಿ ಒಂದು ಪಾಲಿಗೆ ಕೆಲವು ಗಂಟೆಗಳ ಪಯಣ, ಇನ್ನೊಂದು ಪಾಲಿಗೆ ವಾರಗಳದ್ದು. ದಾರಿಯ ಅಣೆಕಟ್ಟುಗಳು ಹಿಡಿದಿಟ್ಟುಕೊಂಡರೆ ತಿಂಗಳುಗಳದ್ದು. ಮಹಾಬಲೇಶ್ವರದಲ್ಲಿ ಹುಟ್ಟುವ ಕೃಷ್ಣೆಯ ಉದ್ದ ಸುಮಾರು 1,400 ಕಿಲೋಮೀಟರ್. ಅದರ ಜಲಾನಯನ 2.59 ಲಕ್ಷ ಚದರ ಕಿಲೋಮೀಟರ್, ಅದರಲ್ಲಿ ಶೇ 44ರಷ್ಟು ಕರ್ನಾಟಕದ್ದು.

ಅಳತೆಯ ವಿಷಯವನ್ನು ಮೊದಲು ಮುಗಿಸಿಬಿಡೋಣ. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯುಸೆಕ್. ಒಂದು ಲಕ್ಷ ಕ್ಯುಸೆಕ್ ನೀರು ಇಡೀ ದಿನ ಹರಿದರೆ 8.64 ಟಿಎಂಸಿ (ಶತಕೋಟಿ ಘನ ಅಡಿ) ಆಗುತ್ತದೆ. ಟಿವಿಯಲ್ಲಿ ಇಷ್ಟು ಲಕ್ಷ ಕ್ಯುಸೆಕ್ ಎಂದು ಕೇಳುವಾಗ ಯಾರೋ ಅದನ್ನು ನೇರವಾಗಿ ಅಳೆದಂತೆ ನಮಗೆ ಅನ್ನಿಸುತ್ತದೆ. ಅಳೆಯುವುದು ನೀರಿನ ಮಟ್ಟವನ್ನು. ಶಾಂತ ದಿನಗಳಲ್ಲಿ ದೋಣಿಯಿಂದಲೋ ಸೇತುವೆಯಿಂದಲೋ ವೇಗಮಾಪಕ ಇಳಿಬಿಟ್ಟು, ಯಾವ ಮಟ್ಟಕ್ಕೆ ಎಷ್ಟು ಹರಿವು ಎಂದು ಒಂದು ವಕ್ರರೇಖೆ ಮಾಡಿಟ್ಟುಕೊಂಡಿರುತ್ತಾರೆ. ನೆರೆಯ ದಿನ ಮಟ್ಟವನ್ನು ಓದಿ, ಆ ರೇಖೆಯಲ್ಲಿ ಹರಿವನ್ನು ಹುಡುಕುತ್ತಾರೆ. ಮಹಾ ನೆರೆಯ ದಿನ ದೋಣಿ ಇಳಿಸುವ ಧೈರ್ಯ ಯಾರಿಗೂ ಇರುವುದಿಲ್ಲವಾದ್ದರಿಂದ ರೇಖೆಯ ಮೇಲ್ತುದಿ ಬಹುಪಾಲು ನದಿಗಳಲ್ಲಿ ಊಹೆಯ ಮುಂದುವರಿಕೆಯೇ. ನಮಗೆ ಅತಿ ಮುಖ್ಯವಾದ ಅಂಕಿಯೇ ಅತಿ ಕಡಿಮೆ ನಂಬಿಕೆಯದ್ದು ಎಂಬುದು ಈ ವಿಜ್ಞಾನದ ಹುಟ್ಟುಗುಣ. ಕೇಂದ್ರ ಜಲ ಆಯೋಗದ ಅಳತೆ ಕೇಂದ್ರ ನಮ್ಮ ವಾರಾಹಿಗೂ ಹಾಲಾಡಿಯಲ್ಲಿದೆ. ಇಂಥ ಗಿಡ್ಡ ಹೊಳೆಗಳಲ್ಲಿ ಇನ್ನೊಂದು ಪೇಚು: ದಿನಕ್ಕೊಂದು ಸಲ ಮಟ್ಟ ಓದಿದರೆ ರಾತ್ರಿ ಏರಿ ಇಳಿದ ನೆರೆಯ ತುದಿ ಪುಸ್ತಕಕ್ಕೆ ಬರುವುದೇ ಇಲ್ಲ.

ಪ್ರತಿ ವರ್ಷದ ಅತಿ ಹೆಚ್ಚಿನ ಹರಿವು ಒಂದೊಂದನ್ನೇ ಆರಿಸಿ ಸಾಲಾಗಿಟ್ಟರೆ ಅತಿಗಳ ಸರಣಿ ಸಿಗುತ್ತದೆ. ಅದರ ಗಣಿತಕ್ಕೆ ರೂಪ ಕೊಟ್ಟವರಲ್ಲಿ ಮುಖ್ಯನಾದವನು ಎಮಿಲ್ ಗುಂಬೆಲ್. 1891ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದ ಈತ ಜರ್ಮನಿಯ ಬಲಪಂಥೀಯರು ನಡೆಸಿದ ರಾಜಕೀಯ ಕೊಲೆಗಳನ್ನು ಎಣಿಸಿ, ನ್ಯಾಯಾಲಯಗಳು ಕೊಟ್ಟ ಪುಡಿ ಶಿಕ್ಷೆಗಳನ್ನು ಪಕ್ಕದಲ್ಲಿಟ್ಟು ಪ್ರಕಟಿಸಿದ. 1932ರಲ್ಲಿ ಹೈಡೆಲ್‌ಬರ್ಗ್‌ನ ಕೆಲಸ ಹೋಯಿತು. ಮೊದಲು ಫ್ರಾನ್ಸಿಗೆ, 1940ರಲ್ಲಿ ಅಮೆರಿಕಕ್ಕೆ ಓಡಬೇಕಾಯಿತು. ಅತಿಗಳ ಸಂಖ್ಯಾಶಾಸ್ತ್ರದ ಬಗ್ಗೆ ಆತನ ದೊಡ್ಡ ಪುಸ್ತಕ ಬಂದದ್ದು 1958ರಲ್ಲಿ. ಎಂಜಿನಿಯರುಗಳು ಇವತ್ತಿಗೂ ಸೇತುವೆಯ ಎತ್ತರ ನಿರ್ಧರಿಸುವಾಗ ಗುಂಬೆಲ್‌ನ ಹೆಸರು ಹೇಳುತ್ತಾರೆ, ಅವನ ಬದುಕು ಗೊತ್ತಿರುವವರು ಕಡಿಮೆ.

ನೂರು ವರ್ಷದ ನೆರೆ ಎಂಬ ಮಾತು ಈ ಗಣಿತದಿಂದಲೇ ಬಂದದ್ದು. ನೂರು ವರ್ಷಕ್ಕೊಮ್ಮೆ ಸರದಿಯಲ್ಲಿ ಬರುವ ನೆರೆ ಎಂದು ಅದರ ಅರ್ಥವಲ್ಲ. ಯಾವುದೇ ಒಂದು ವರ್ಷದಲ್ಲಿ ಅದು ಬರುವ ಸಾಧ್ಯತೆ ಶೇ 1. ಹೊಳೆಬದಿಯಲ್ಲಿ ಮನೆ ಕಟ್ಟಿ 30 ವರ್ಷ ಬಾಳುವ ಸಂಸಾರ ಅದನ್ನು ಒಮ್ಮೆಯಾದರೂ ಕಾಣುವ ಸಾಧ್ಯತೆ ಶೇ 26. ನೂರು ವರ್ಷ ಕಾದರೂ ಅದು ಶೇ 63 ಮಾತ್ರ. ಈ ಲೆಕ್ಕವೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದೆ: ನಾಳಿನ ನದಿಯ ಸ್ವಭಾವ ನಿನ್ನಿನದೇ ಆಗಿರುತ್ತದೆ ಎಂಬ ನಂಬಿಕೆ. 2008ರಲ್ಲಿ ಪಿ.ಸಿ.ಡಿ. ಮಿಲ್ಲಿ ಮತ್ತು ಸಂಗಡಿಗರು ಆ ನಂಬಿಕೆ ಸತ್ತಿದೆ ಎಂದು ‘ಸೈನ್ಸ್’ ಪತ್ರಿಕೆಯಲ್ಲಿ ಸಾರಿದರು.

ಸತ್ತಿದೆ ಎಂದು ಸಾಬೀತು ಮಾಡುವುದು ಸುಲಭವಲ್ಲ. ಸಾಮಾನ್ಯವಾಗಿ ಮಾಡುವುದು ಇಷ್ಟು: ಪ್ರತಿ ವರ್ಷದ ಅತಿಯನ್ನು ಅದರ ನಂತರದ ಪ್ರತಿಯೊಂದು ವರ್ಷದ ಜೊತೆ ಹೋಲಿಸಿ, ಏರಿದ ಜೋಡಿಗಳೆಷ್ಟು, ಇಳಿದ ಜೋಡಿಗಳೆಷ್ಟು ಎಂದು ಎಣಿಸುವುದು. 40 ವರ್ಷದ ದಾಖಲೆಯಿದ್ದರೆ 780 ಜೋಡಿಗಳು. ಎಲ್ಲ ಜೋಡಿಗಳ ಇಳಿಜಾರುಗಳಲ್ಲಿ ನಡುವಿನದನ್ನು ಆರಿಸಿಕೊಂಡರೆ ಬದಲಾವಣೆಯ ವೇಗ ಸಿಗುತ್ತದೆ. ಈ ಉಪಾಯವನ್ನು 1968ರಲ್ಲಿ ಬೆಳೆಸಿದವರು ಕೋಲ್ಕತ್ತದಲ್ಲಿ ಹುಟ್ಟಿದ ಪ್ರಣಬ್ ಕುಮಾರ್ ಸೇನ್. ಒಂದೆರಡು ಮಹಾ ನೆರೆಗಳು ಇಡೀ ಲೆಕ್ಕವನ್ನು ತಮ್ಮ ಕಡೆ ಎಳೆದುಕೊಳ್ಳದಂತೆ ಅದು ತಡೆಯುತ್ತದೆ.

ತಡೆಯಲಾಗದ ಒಂದು ಸಂಗತಿಯಿದೆ, ನದಿಯ ನೆನಪು. ಈಜಿಪ್ಟಿನಲ್ಲಿ ಬದುಕಿನ ಬಹುಭಾಗ ಕಳೆದ ಬ್ರಿಟಿಷ್ ಜಲವಿಜ್ಞಾನಿ ಹೆರಾಲ್ಡ್ ಹರ್ಸ್ಟ್, ಕೈರೋದ ರೋಡಾ ದ್ವೀಪದ ನೀರುಗಂಬದಲ್ಲಿ ಕ್ರಿ.ಶ. 622ರಿಂದ ಬರೆದಿಟ್ಟ ನೈಲ್ ನದಿಯ ಮಟ್ಟಗಳನ್ನು ಪರಿಶೀಲಿಸಿ 1951ರಲ್ಲಿ ಒಂದು ವಿಚಿತ್ರವನ್ನು ತೋರಿಸಿದ. ತುಂಬು ವರ್ಷಗಳೂ ಬಡ ವರ್ಷಗಳೂ ಚೆಲ್ಲಾಪಿಲ್ಲಿಯಾಗಿ ಬರುವುದಿಲ್ಲ, ಗುಂಪುಗಟ್ಟಿ ಬರುತ್ತವೆ. ಒಂದು ಗುಂಪು ದಶಕಗಳಷ್ಟು ಉದ್ದ ಇರಬಹುದು. ಹಾಗಿದ್ದರೆ 40 ವರ್ಷದ ದಾಖಲೆಯಲ್ಲಿ ಕಾಣುವ ಏರಿಕೆ ನಿಜವಾದ ಬದಲಾವಣೆಯೋ, ಉದ್ದನೆಯ ಗುಂಪೊಂದರ ತುಣುಕೋ ಎಂದು ಹೇಳುವುದು ಹೇಗೆ? ನದಿಗಳ ಬಗ್ಗೆ ಭಾರಿ ಖಚಿತವಾಗಿ ಮಾತಾಡುವವರನ್ನು ಕಂಡರೆ ನನಗೆ ಈ ಕಾರಣಕ್ಕೇ ಅನುಮಾನ.

ಕೃಷ್ಣೆಯ ಮಟ್ಟಿಗೆ ಈ ಪ್ರಶ್ನೆಗೆ ಕೋಟಿಗಟ್ಟಲೆ ರೂಪಾಯಿಯ ಬೆಲೆಯಿದೆ. ರಾಜ್ಯಗಳ ನಡುವೆ ನೀರು ಹಂಚಲು 1969ರಲ್ಲಿ ರಚನೆಯಾದ ಬಚಾವತ್ ನ್ಯಾಯಮಂಡಳಿ 1894–95ರಿಂದ ಮುಂದಿನ 78 ವರ್ಷಗಳ ಲೆಕ್ಕ ಹಿಡಿದು, ನಾಲ್ಕರಲ್ಲಿ ಮೂರು ವರ್ಷ ನೆಚ್ಚಿಕೊಳ್ಳಬಹುದಾದ ನೀರು 2,060 ಟಿಎಂಸಿ ಎಂದಿತು. 2004ರಲ್ಲಿ ಬಂದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 1961–62ರಿಂದ 2007–08ರವರೆಗಿನ 47 ವರ್ಷಗಳನ್ನು ಆರಿಸಿಕೊಂಡಿತು. ಅದಕ್ಕೆ ಸಿಕ್ಕ ಅದೇ ಬಗೆಯ ಅಂಕಿ 2,173. ಒಂದೇ ನದಿ, ಒಂದೇ ಬಗೆಯ ಪ್ರಶ್ನೆ, ವರ್ಷಗಳ ಕಿಟಕಿ ಮಾತ್ರ ಬೇರೆ. ವ್ಯತ್ಯಾಸವೋ ತುಂಗಭದ್ರಾ ಜಲಾಶಯ ಇವತ್ತು ಹಿಡಿಯುವ ನೀರಿಗಿಂತ ಹೆಚ್ಚು.

ಈ ಎರಡೂ ಅಂಕಿಗಳು ಜನ ಬಳಸಿದ ನೀರನ್ನೂ ಸೇರಿಸಿ ಕಟ್ಟಿದವು. ಬಳಸಿ ಉಳಿದದ್ದರ ಕತೆ ಬೇರೆ. ಅಂತರರಾಷ್ಟ್ರೀಯ ನೀರು ನಿರ್ವಹಣಾ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1901ರಿಂದ 1960ರ ನಡುವೆ ಕೃಷ್ಣೆ ಕಡಲಿಗೆ ಒಯ್ಯುತ್ತಿದ್ದುದು ವರ್ಷಕ್ಕೆ ಸರಾಸರಿ 56 ಘನ ಕಿಲೋಮೀಟರ್, ಅಂದರೆ ಸುಮಾರು 1,980 ಟಿಎಂಸಿ. 1994ರಿಂದ 2003ರ ನಡುವೆ ಅದು 13 ಘನ ಕಿಲೋಮೀಟರಿಗೆ, ಸುಮಾರು 460 ಟಿಎಂಸಿಗೆ ಇಳಿದಿತ್ತು. ಮುಕ್ಕಾಲು ಪಾಲು ನದಿ ನಡುದಾರಿಯಲ್ಲೇ ಮಾಯ. ತುಂಗಭದ್ರಾ, ಕೊಯ್ನಾ, ನಾಗಾರ್ಜುನಸಾಗರ, ಶ್ರೀಶೈಲ, ನಾರಾಯಣಪುರ, ಆಲಮಟ್ಟಿ ಒಂದೊಂದಾಗಿ ಎದ್ದವು, ಕಬ್ಬು ಭತ್ತ ಬೆಳೆದವು, ಬೋರ್‌ವೆಲ್‌ಗಳು ಇಳಿದವು. ಇಷ್ಟು ಬಡಕಲಾದ ನದಿಯಲ್ಲಿ ನೆರೆಯೂ ಸಣ್ಣದಾಗಬೇಕಲ್ಲವೇ?

2009 ಬರದ ವರ್ಷ. ದೇಶದಲ್ಲಿ ಮುಂಗಾರು ಮಳೆ ಶೇ 22ರಷ್ಟು ಕೊರತೆಯಾಗಿತ್ತು. 1972ರ ನಂತರ ಅಷ್ಟು ಕೆಟ್ಟ ಮುಂಗಾರು ಬಂದಿರಲಿಲ್ಲ. ಸೆಪ್ಟೆಂಬರ್ ಕೊನೆಗೆ ಹಸ್ತ ಮಳೆ ಹುಟ್ಟುವ ಹೊತ್ತಿಗೆ ಬಂಗಾಳ ಕೊಲ್ಲಿಯ ಕಡೆಯಿಂದ ವಾಯುಭಾರ ಕುಸಿತವೊಂದು ಒಳನಾಡಿಗೆ ಬಂತು. ಮಳೆ ಸುರಿದದ್ದು ಸಹ್ಯಾದ್ರಿಯ ನೆತ್ತಿಯಲ್ಲಲ್ಲ. ವಿಜಯಪುರ, ಬಾಗಲಕೋಟೆ, ರಾಯಚೂರು, ಕರ್ನೂಲು ಎಂಬ ಒಣ ಸೀಮೆಯಲ್ಲಿ. ಬಹುಪಾಲು ನೀರು ಹುಟ್ಟಿದ್ದು ತುಂಗಭದ್ರಾ, ನಾರಾಯಣಪುರ ಅಣೆಕಟ್ಟುಗಳ ಕೆಳಗೆ, ಹಿಡಿದಿಡಲು ಯಾರೂ ಇಲ್ಲದ ಕಡೆ. ಕೆಳಗಿನ ಶ್ರೀಶೈಲವೋ, ಮಳೆಗಾಲದ ಕೊನೆಗೆ ಪ್ರತಿ ಜಲಾಶಯ ಇರಬೇಕಾದಂತೆ ತುಂಬಿಕೊಂಡು ಕೂತಿತ್ತು. ಮಂತ್ರಾಲಯ ಮುಳುಗಿತು, ಕರ್ನೂಲು ಮುಳುಗಿತು, ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅಕ್ಟೋಬರ್ 2ರಂದು ಶ್ರೀಶೈಲಕ್ಕೆ ನುಗ್ಗಿದ ಹರಿವು 25 ಲಕ್ಷ ಕ್ಯುಸೆಕ್. ಅಣೆಕಟ್ಟು ಕಟ್ಟುವಾಗ ಎಣಿಸಿದ್ದ ಅತಿ ದೊಡ್ಡ ನೆರೆ 19 ಲಕ್ಷ. ಹೊಸಪೇಟೆಯ ತುಂಗಭದ್ರಾ ಜಲಾಶಯವನ್ನು ತಳದಿಂದ ತುಂಬಲು ಅಂಥ ಹರಿವಿಗೆ ಅರ್ಧ ದಿನ ಸಾಕು. ನೀರು 885 ಅಡಿಯ ಪೂರ್ಣಮಟ್ಟಕ್ಕಿಂತ 11 ಅಡಿ ಮೇಲೇರಿತು. ಅಣೆಕಟ್ಟು ನಿಂತಿತು.

ಬಡವಾದದ್ದು ನದಿಯ ಸರಾಸರಿ. ಅತಿ ಬೇರೆ ಕಾನೂನಿನಡಿ ನಡೆಯುತ್ತದೆ. ಅಣೆಕಟ್ಟು ಸಣ್ಣ ಮತ್ತು ನಡುಗಾತ್ರದ ನೆರೆಗಳನ್ನು ನುಂಗುತ್ತದೆ. ಮಹಾ ನೆರೆ ಬರುವ ಹೊತ್ತಿಗೆ ಅದು ತುಂಬಿದ್ದರೆ ನೀರು ಸಾಗುವ ಕೊಳವೆ ಮಾತ್ರ. ಪ್ರತಿ ವರ್ಷದ ಅತಿಗಳನ್ನು ಸಾಲಾಗಿಟ್ಟು ಸೇನ್ ಇಳಿಜಾರು ಲೆಕ್ಕ ಹಾಕಿದರೆ ಇಂಥ ನದಿಯಲ್ಲಿ ನೆರೆ ಕಡಿಮೆಯಾಗುತ್ತಿದೆ ಎಂಬ ಉತ್ತರವೇ ಬಂದೀತು, ನಡುವಿನ ನೆರೆಗಳೆಲ್ಲ ಕುಗ್ಗಿರುವುದರಿಂದ. ಅದೇ ಸಾಲಿನ ತುದಿಯಲ್ಲಿ 2009 ನಿಂತಿರುತ್ತದೆ. ಒಂದೆರಡು ಮಹಾ ನೆರೆಗಳಿಗೆ ಮಣಿಯದಿರುವುದೇ ಆ ಉಪಾಯದ ಗುಣ ಎಂದೆನಲ್ಲ, ಇಲ್ಲಿ ಅದೇ ಅದರ ಕುರುಡು.

ಕುಗ್ಗಿದ ನಡುಗಾತ್ರದ ನೆರೆಗಳಿಗೆ ಇನ್ನೊಂದು ಪರಿಣಾಮವಿದೆ. ಇದನ್ನು ನಾನು ಹವಾಮಾನ ಬದಲಾವಣೆಯಷ್ಟೇ ಗಂಭೀರವಾಗಿ ನೋಡುತ್ತೇನೆ. ಕೃಷ್ಣೆಯ ಉಪನದಿ ಮಲಪ್ರಭೆಯ ನವಿಲುತೀರ್ಥ ಜಲಾಶಯದ ಸಾಮರ್ಥ್ಯ 37 ಟಿಎಂಸಿ ಚಿಲ್ಲರೆ, ವರ್ಷಗಟ್ಟಲೆ ಅದು ತುಂಬುತ್ತಿರಲಿಲ್ಲ. ಕೆಳಗಡೆ ಹೊಳೆ ಬತ್ತಿದ ಹಾಗೆ ದಂಡೆಯ ಹೊಲಗಳು ಪಾತ್ರದೊಳಕ್ಕೆ ಇಳಿದವು, ಜಾಲಿ ಬೆಳೆಯಿತು, ನದಿ ಕಾಲುವೆಯಷ್ಟಾಯಿತು. 2019ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಜಲಾಶಯ ತುಂಬಿ ಬಾಗಿಲು ತೆರೆಯಬೇಕಾಗಿ ಬಂದಾಗ ನೀರಿಗೆ ಹಳೆಯ ದಾರಿ ಇರಲಿಲ್ಲ. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಹೊಳೆ ಬಂತು. ಹರಿವಿನ ಅಂಕಿ ಮೊದಲಿನಷ್ಟೇ ಇದ್ದರೂ ನೀರಿನ ಮಟ್ಟ ಮೊದಲಿಗಿಂತ ಏರುತ್ತದೆ ಎಂಬುದನ್ನು ಕ್ಯುಸೆಕ್ಕಿನ ಸರಣಿ ಎಂದೂ ಹೇಳುವುದಿಲ್ಲ.

ಆಕಾಶದ ಪಾಲು ಎಷ್ಟು? ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹೊರಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದಂತೆ 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶದ ಮೇಲೆ ಸುರಿಯುವ ಅತಿಮಳೆಯ ಘಟನೆಗಳು ಮೂರು ಪಟ್ಟಾಗಿವೆ. ಕೇಂದ್ರದ ಭೂ ವಿಜ್ಞಾನ ಸಚಿವಾಲಯದ 2020ರ ವರದಿಯೋ, 1951ರಿಂದ 2015ರ ನಡುವೆ ಮುಂಗಾರಿನ ಒಟ್ಟು ಮಳೆ ಶೇ 6ರಷ್ಟು ಕುಗ್ಗಿದೆ, ಅದರಲ್ಲೂ ಗಂಗಾ ಬಯಲಿನಲ್ಲಿ ಮತ್ತು ನಮ್ಮ ಪಶ್ಚಿಮ ಘಟ್ಟದಲ್ಲಿ ಎನ್ನುತ್ತದೆ. ಮಳೆಯಲ್ಲೂ ಮೊತ್ತ ಒಂದು ಕಡೆಗೆ, ಅತಿ ಇನ್ನೊಂದು ಕಡೆಗೆ.

ಅತಿಮಳೆ ಹೆಚ್ಚಿದಲ್ಲೆಲ್ಲ ನೆರೆ ಹೆಚ್ಚಿದೆ ಎಂದೂ ಇಲ್ಲ. ಯುರೋಪಿನಲ್ಲಿ ಗುಂಟರ್ ಬ್ಲೋಶ್ಲ್ ಮತ್ತು ಸಂಗಡಿಗರು 1960ರಿಂದ 2010ರವರೆಗಿನ 3,738 ಕೇಂದ್ರಗಳ ದಾಖಲೆ ಜೋಡಿಸಿ 2019ರಲ್ಲಿ ಪ್ರಕಟಿಸಿದ ನಕ್ಷೆಯಲ್ಲಿ ವಾಯವ್ಯ ಭಾಗದ ನೆರೆಗಳು ದಶಕಕ್ಕೆ ಶೇ 11ರವರೆಗೂ ಏರಿದ್ದವು, ದಕ್ಷಿಣ ಮತ್ತು ಪೂರ್ವದಲ್ಲಿ ದಶಕಕ್ಕೆ ಶೇ 23ರವರೆಗೂ ಇಳಿದಿದ್ದವು. ಒಂದು ಕಾರಣ ನೆಲದಲ್ಲಿದೆ. ಬಿಸಿಲು ಹೆಚ್ಚಿ ಮಣ್ಣು ಒಣಗಿದ್ದರೆ ಬಿದ್ದ ಮಳೆಯನ್ನು ಮೊದಲು ಮಣ್ಣು ಕುಡಿಯುತ್ತದೆ. ವಿಜಯಪುರದ ಬಿರುಕುಬಿಟ್ಟ ಎರೆಭೂಮಿಗೆ ಆ ಬಾಯಾರಿಕೆ ಹೆಚ್ಚು. ಜುಲೈಯ ಕೊಲ್ಲೂರಿನ ಕಾಡಿನ ನೆಲಕ್ಕೆ ಅದಿಲ್ಲ, ತಿಂಗಳಿಂದ ನೆನೆದು ತೊಟ್ಟಿಕ್ಕುತ್ತಿರುವ ನೆಲ ಅದು. ಅಲ್ಲಿ ಹೆಚ್ಚಿಗೆ ಬಿದ್ದ ಮಳೆ ಬಹುಪಾಲು ಹಾಗೆಯೇ ಹೊಳೆಗಿಳಿಯುತ್ತದೆ. ಹಾಗಾಗಿ ಅತಿಮಳೆ ಹೆಚ್ಚುವುದಾದರೆ ಅದರ ಗುರುತು ಕೃಷ್ಣೆಗಿಂತ ಮೊದಲು ಸೌಪರ್ಣಿಕೆಯಂಥ ಗಿಡ್ಡ ಹೊಳೆಗಳಲ್ಲಿ ಕಾಣಬೇಕು ಎಂಬುದು ನನ್ನ ಎಣಿಕೆ.

ಅತಿ ಎಂದರೆ ನೆರೆಯೊಂದೇ ಅಲ್ಲ, ಏಪ್ರಿಲ್ ಕೊನೆಯ ಹರಿವೂ ಅತಿಯೇ. ಪಂಚಗಂಗಾವಳಿಯ ಎರಡು ಹೊಳೆಗಳನ್ನು ಪಕ್ಕಪಕ್ಕ ಇಟ್ಟರೆ ಇದು ಚೆನ್ನಾಗಿ ಕಾಣುತ್ತದೆ. ಸೌಪರ್ಣಿಕಾ ಬೇಸಿಗೆಯಲ್ಲಿ ಸೊರಗುತ್ತದೆ, ಉಪ್ಪುನೀರು ಒಳಕ್ಕೆ ಏರದಂತೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುತ್ತಾರೆ. ವಾರಾಹಿಯಲ್ಲಿ ಹಾಗಲ್ಲ. ಮಾಣಿ ಅಣೆಕಟ್ಟಿನಲ್ಲಿ ಮಳೆಗಾಲದಲ್ಲಿ ಹಿಡಿದಿಟ್ಟ ನೀರು ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದ ಟರ್ಬೈನುಗಳನ್ನು ತಿರುಗಿಸಿ ಹೊಳೆಗೆ ಬೀಳುತ್ತದೆ. ವಿದ್ಯುದಾಗಾರ ಶುರುವಾದ 1989ರಿಂದ ಈಚೆಗೆ ಆ ಹೊಳೆಯ ಬೇಸಿಗೆ ಹರಿವು ತಾನಾಗಿ ಇರಬೇಕಾದುದಕ್ಕಿಂತ ಹೆಚ್ಚು. ಹಾಲಾಡಿಯ ದಾಖಲೆಯನ್ನು ಹಿನ್ನೆಲೆ ಗೊತ್ತಿಲ್ಲದೆ ಕಂಪ್ಯೂಟರಿಗೆ ಉಣಿಸಿದವರು ಪಶ್ಚಿಮ ಘಟ್ಟದಲ್ಲಿ ಬೇಸಿಗೆ ಹರಿವು ಸುಧಾರಿಸಿದೆ ಎಂದು ಬರೆದರೆ ಅಚ್ಚರಿಪಡಬೇಕಿಲ್ಲ. ಲೂಕಾಸ್ ಗುಡ್‌ಮಂಡ್‌ಸನ್ ಮತ್ತು ಸಂಗಡಿಗರು 2021ರಲ್ಲಿ ಜಗತ್ತಿನ 7,250 ಕೇಂದ್ರಗಳ ದಾಖಲೆ ನೋಡುವಾಗ ಈ ತೊಡಕನ್ನೇ ಎದುರಿಸಿದರು. ಅಣೆಕಟ್ಟು, ನೀರಾವರಿಗಳ ಪಾಲನ್ನು ಮಾದರಿಗಳಲ್ಲಿ ಬೇರೆಮಾಡಿ ನೋಡಿದ ಮೇಲೂ 1971ರಿಂದ 2010ರವರೆಗೆ ಜಗತ್ತಿನ ನದಿಗಳಲ್ಲಿ ಕಂಡ ಏರಿಳಿತದ ಒಟ್ಟು ವಿನ್ಯಾಸವನ್ನು ಹವಾಮಾನ ಬದಲಾವಣೆಯಿಲ್ಲದೆ ವಿವರಿಸಲಾಗಲಿಲ್ಲ. ಆ ಮಾತು ಇಡೀ ಜಗತ್ತಿನ ನಕ್ಷೆಗೆ ಸಲ್ಲುತ್ತದೆ. ಅದನ್ನು ಒಂದು ಊರಿನ ಹೊಳೆಗೆ ಹಚ್ಚಲು ಬರುವುದಿಲ್ಲ.

2024ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಕೃಷ್ಣೆ ಮತ್ತೊಮ್ಮೆ ಉಕ್ಕಿತು. ವಿಜಯವಾಡದ ಪ್ರಕಾಶಂ ಬ್ಯಾರೇಜಿನಲ್ಲಿ ಹರಿವು 11 ಲಕ್ಷ ಕ್ಯುಸೆಕ್ ದಾಟಿತು. ಆದರೆ ಸಿಂಗ್ ನಗರದಂಥ ಬಡಾವಣೆಗಳನ್ನು ದಿನಗಟ್ಟಲೆ ಮುಳುಗಿಸಿದ್ದು ಕೃಷ್ಣೆಯಲ್ಲ, ಬುಡಮೇರು ಎಂಬ ಹಳ್ಳ. ಕೊಲ್ಲೇರು ಸರೋವರಕ್ಕೆ ಹೋಗುವ ಆ ಹಳ್ಳದ ನೆರೆಯನ್ನು ಕಾಲುವೆಯ ಮೂಲಕ ಬ್ಯಾರೇಜಿನ ಮೇಲ್ಭಾಗದಲ್ಲಿ ಕೃಷ್ಣೆಗೆ ತಿರುಗಿಸುವ ಏರ್ಪಾಡಿತ್ತು. ಅಂದು ಕೃಷ್ಣೆಯೇ ತುಂಬಿ ಎತ್ತರದಲ್ಲಿದ್ದುದರಿಂದ ಕಾಲುವೆಯ ನೀರಿಗೆ ಒಳಗೆ ಜಾಗ ಸಿಗದೆ ಹಿಂದಕ್ಕೆ ಒತ್ತಿತು, ಏರಿಗಳು ಒಡೆದವು. ಬ್ಯಾರೇಜಿನ ಜಾಗದಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಕೃಷ್ಣೆಯ ಹರಿವನ್ನು ಬರೆದಿಡುತ್ತ ಬಂದಿದ್ದಾರೆ, ಎರಡು ನ್ಯಾಯಮಂಡಳಿಗಳು ಆ ಅಂಕಿಗಳನ್ನು ಜಾಲಾಡಿವೆ. ಊರನ್ನು ಮುಳುಗಿಸಿದ ನೀರು ಆ ಪುಸ್ತಕದಲ್ಲಿ ಇರಲಿಲ್ಲ.